ಹೆಜ್ಜೆ ತಪ್ಪಿದವನು

ವ್ಯಾಯಾಮಶಾಲೆಯಲ್ಲಿ ಮಾಜಿ ಸೈನಿಕ ಮಹಿಳೆಯರೆಲ್ಲ ಬರಿಗಾಲಲ್ಲಿ ಓಡುತ್ತಿದ್ದರು. ಆದರೂ, ಸೇನೆಯಲ್ಲಿ ಕವಾಯತು ಕಲಿಸುತ್ತಿದ್ದ, ಈಗ ಎಲ್ಲರೂ ಅಕ್ಕ ಎನ್ನುವವಳ ಬೆನ್ನ ಹಿಂದೆ ಬೂಟುಗಳ ಸದ್ದು ಕೇಳಿಸಿತು. ತನ್ನ ಮೇಲೆ ಅತ್ಯಾಚಾರವೆಸಗಿದ ಮೇಲಧಿಕಾರಿಯ ನಡಿಗೆ ಅದು; ತಿರುಗಿ ನೋಡಿದರೆ ಅವನಿರಲಿಲ್ಲ. ಅವನ ಎದೆಗೆ ಪದಕ ಚುಚ್ಚಿ, ದೂರಿತ್ತವಳನ್ನು ಮನೆಗೆ ಕಳುಹಿಸಿದ್ದನ್ನೂ ನ್ಯಾಯವೆನ್ನುವ ನಾಲಿಗೆಗಳಿವೆ! ಭಯವಾದರೆ ಓಡಿಹೋಗಲೆಂದು ದಿನವೂ ತೆರೆದಿಡಿಸುತ್ತಿದ್ದ ಬಾಗಿಲತ್ತ ಅವಳ ಕಣ್ಣು ಹಾಯಿತು.

"ಅಕ್ಕಾ, ನಂಗೂ ಕೇಳಿಸ್ತಿದೆ," ಅವಳ ನೋಟ ಗಮನಿಸಿ, ಪಕ್ಕದಲ್ಲಿ ಓಡುತ್ತಿದ್ದ ಸೇನೆಯ ಮಾಜಿ ನರ್ಸ್ ಪಿಸುಗುಟ್ಟಿದಳು. "ಅವನಿಗೆ ನೆಟ್ಟಗೆ ಹೆಜ್ಜೆ ಹಾಕೋಕೂ ಬರಲ್ವಲ್ಲೇ!"

ಅಕ್ಕನ ಕವಾಯತಿನ ಕಿವಿ ಚುರುಕಾಯಿತು. ಹೌದು, ಬೂಟು ತಾಳ ತಪ್ಪುತ್ತಿತ್ತು.

"ನಿಲ್ಲಿ!" ಎಂದು ಗುಡುಗಿದಳು. ಬರಿಗಾಲುಗಳೆಲ್ಲ ಒಟ್ಟಿಗೆ ನಿಂತವು. ಬೂಟು ಮಾತ್ರ ಇನ್ನೊಂದು ಹೆಜ್ಜೆ ಹಾಕಿ ತಡವರಿಸಿತು.

"ಹೆಜ್ಜೆ ತಪ್ಪಿದವನೇ, ನಡಿ ಆಚೆ!"

ಸದ್ದು ನಿಧಾನವಾಗಿ ಬಾಗಿಲು ದಾಟಿತು. ಅಕ್ಕ ಹೋಗಿ, ಮೊದಲ ಬಾರಿಗೆ, ಒಳಗಿನಿಂದ ಚಿಲಕ ಹಾಕಿದಳು.