ಶಿವನ ಮುಂದಿನ ನಕ್ಷತ್ರ

"ಎಂಬತ್ತೇಳು ಜನ ಎಲ್ಲಿಗೆ ಹೋದ್ರು ಸಾರ್?" ಗಿರಿಜಾಂಬಿಕಾ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

ಹತ್ತು ನಿಮಿಷದ ಹಿಂದೆ ಅವಳು ಎದ್ದು ಹೋಗುವಾಗ ತೆಂಗು ಬೆಳೆಗಾರರ ಸಂಘದ ಹೊಸ ಕಂಪ್ಯೂಟರಿನಲ್ಲಿ ಮುನ್ನೂರ ಹನ್ನೆರಡು ಸದಸ್ಯರಿದ್ದರು, ಈಗ ಇನ್ನೂರ ಇಪ್ಪತ್ತೈದು. ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಫೈಲು, ಮೂರು ತಿಂಗಳು ಬೆನ್ನು ಬಗ್ಗಿಸಿ ಅವಳೇ ಹೊಡೆದದ್ದು. ಸಂಜೆ ಐದಕ್ಕೆ ಚುನಾವಣೆಯ ಪಟ್ಟಿ ಬೋರ್ಡಿಗೆ ಅಂಟಬೇಕು. ಅದರಲ್ಲಿ ಹೆಸರಿಲ್ಲದವರು ಓಟು ಹಾಕುವಂತಿಲ್ಲ, ನಿಲ್ಲುವಂತೆಯೂ ಇಲ್ಲ. ಆಗಲೇ ನಾಲ್ಕು ಗಂಟೆ.

ಕಾರ್ಯದರ್ಶಿ ಪರಮಶಿವಯ್ಯ ಕಂಪ್ಯೂಟರಿನ ಮುಂದೆ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು. "ನಾನೇನೂ ಮಾಡ್ಲಿಲ್ಲ ಕಣಮ್ಮ. ಒಂದೇ ಒಂದು ಹೆಸ್ರು ತೆಗೆಯೋಣ ಅಂದ್ಕೊಂಡೆ. ದಂಡಿನಶಿವರದ ಶಿವರುದ್ರಮ್ಮಂದು."

ಯಾಕೆಂದು ಕೇಳುವುದೇ ಬೇಕಿರಲಿಲ್ಲ. ಕಾರ್ಯದರ್ಶಿಯ ಭಾವಮೈದ ಶಿವಲಿಂಗಯ್ಯನ ಎದುರು ಈ ಸಲ ಚುನಾವಣೆಗೆ ನಿಲ್ಲುತ್ತೇನೆಂದು ಶಿವರುದ್ರಮ್ಮ ಊರೂರು ಸುತ್ತಿ ಹೇಳಿ ಬಂದಿದ್ದರು.

"ಹೆಂಗ್ ತೆಗೆದ್ರಿ?"

"ನೀನೇ ತೋರ್ಸಿದ್ದಲ್ವ? ಹೆಸ್ರು ಪೂರ್ತಿ ಹೊಡೀಬೇಕಾಗಿಲ್ಲ, ಮೊದಲಷ್ಟು ಹೊಡೆದು ಆ ನಕ್ಷತ್ರದ ಗುರುತು ಇಟ್ರೆ ಸಾಕು ಅಂತ. ಶಿವ ಅಂತ ಹೊಡ್ದೆ, ನಕ್ಷತ್ರ ಇಟ್ಟೆ, ಅಳಿಸು ಅಂದೆ."

"ಅಯ್ಯೋ ದೇವ್ರೇ! ನಾನು ತೋರ್ಸಿದ್ದು ಹುಡುಕೋಕೆ ಸಾರ್, ಅಳಿಸೋಕಲ್ಲ! ನಕ್ಷತ್ರ ಅಂದ್ರೆ ಮುಂದೆ ಏನಿದ್ರೂ ಸರಿ ಅಂತ. ಶಿವ ಅಂತ ಶುರುವಾಗೋರೆಲ್ಲ ಒಂದೇ ಏಟಿಗೆ ಹೋದ್ರು. ಈ ಸೀಮೇಲಿ ಶಿವನ ಹೆಸ್ರಿಲ್ದಿರೋ ಮನೆ ಎಷ್ಟೈತೆ, ನೀವೇ ಹೇಳಿ!"

ಅವಳು ಬೆರಳು ಮಡಚತೊಡಗಿದಳು. ಶಿವಣ್ಣ, ಶಿವಪ್ಪ, ಶಿವಬಸಯ್ಯ, ಶಿವನಂಜಪ್ಪ, ಕಂದಿಕೆರೆಯಿಂದಲೇ ಆರು ಜನ ಶಿವಕುಮಾರರು. ಮುಕ್ಕಾಲುಪಾಲು ಕಾರ್ಯದರ್ಶಿಯ ಕಡೆಯ ಓಟುಗಳೇ. ಹೆಸರು ಹೆಸರಿಗೂ ಅವರ ಮುಖ ಇಳಿಯುತ್ತಾ ಹೋಯಿತು. ಶಿವಲಿಂಗಯ್ಯ ಎಂದದ್ದೇ ತಡ, ಎದ್ದು ನಿಂತರು.

"ನಮ್ ಭಾವಮೈದ್ನೂವಾ? ಅವ್ರನ್ನೆಲ್ಲ ಕೈಯಲ್ಲಿ ಬರ್ದು ಸೇರಿಸ್ಬುಡಮ್ಮ!"

"ಕೈಬರಹದ ಹೆಸ್ರು ನಡೆಯೋಲ್ಲ, ಕಂಪ್ಯೂಟರ್ ಪಟ್ಟೀನೇ ಆಖೈರು ಅಂತ ಠರಾವು ಮಾಡಿಸ್ದೋರು ಯಾರು ಸಾರ್? ಇನ್ನೊಂದು ಫ್ಲಾಪಿ ತರ್ಸಿ, ನಕಲು ಇಟ್ಕೋತೀನಿ ಅಂತ ಮೂರು ಸಲ ಬಡ್ಕೊಂಡೆ. ಒಂದಿದ್ಮೇಲೆ ಇನ್ನೊಂದ್ಯಾಕೆ ಅಂದ್ರಿ." ಗಿರಿಜಾಂಬಿಕಾಗೆ ಅಳು ಬರುವಂತಾಯಿತು. ಒಂದು ಗಂಟೆಯಲ್ಲಿ ಹತ್ತು ಫೈಲು ಹೊಡೆದರೆ ಹೆಚ್ಚು. ನಾಳೆ ತಪ್ಪೆಲ್ಲ ತನ್ನ ತಲೆಗೇ ಕಟ್ಟುತ್ತಾರೆ ಎಂಬುದೂ ಗೊತ್ತಿತ್ತು.

ಪರಮಶಿವಯ್ಯ ಕುರ್ಚಿಗೆ ಕುಸಿದರು. "ಹೋಗ್ಲಿ ಬುಡು. ಆವಮ್ಮನಾದ್ರೂ ಹೋದ್ಳಲ್ಲ."

ಗಿರಿಜಾಂಬಿಕಾ ಉಳಿದ ಹೆಸರುಗಳನ್ನು ಪರದೆಯ ಮೇಲೆ ಒಂದೊಂದಾಗಿ ನೋಡುತ್ತಾ ಬಂದವಳು 'ಹ' ಬಂದಾಗ ನಿಂತಳು.

"ಇಲ್ಲ ಸಾರ್. ಇಲ್ಲೇ ಅವ್ರೆ. ಹಾಲಸ್ವಾಮಿಯವರ ಪತ್ನಿ."

ಗಂಡ ತೀರಿಕೊಂಡು ಸದಸ್ಯತ್ವ ತನಗೆ ಬಂದಾಗಿನಿಂದ, ನನ್ನ ಹೆಸರಲ್ಲೇ ಬರೆದುಕೊಳ್ಳಿ ಎಂದು ಶಿವರುದ್ರಮ್ಮ ವರ್ಷಕ್ಕೊಂದರಂತೆ ನಾಲ್ಕು ಅರ್ಜಿ ಕೊಟ್ಟಿದ್ದರು. ಹಾಲಸ್ವಾಮಿ ಹೆಂಡ್ತಿ ಅಂದ್ರೆ ಯಾರಿಗೆ ಗೊತ್ತಾಗಲ್ಲ ಎಂದು ನಾಲ್ಕನ್ನೂ ಬೀರುವಿಗೆ ತುರುಕಿದವರು ಇದೇ ಕಾರ್ಯದರ್ಶಿ. ತಾವು ಮಾಡಿದ್ದು ತಮಗೇ ಮರೆತುಹೋಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಶಿವರುದ್ರಮ್ಮ ಸೆರಗಿನ ಮರೆಯಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಐದನೇ ಅರ್ಜಿ ಕಣವ್ವ. ಈ ಸಲನಾದ್ರೂ ನನ್ ಸ್ವಂತ ಹೆಸ್ರು ಹಾಕವ್ವ, ಶಿವರುದ್ರಮ್ಮ ಅಂತ."

ಗಿರಿಜಾಂಬಿಕಾ ಕಾಗದವನ್ನು ಹಿಂದಕ್ಕೆ ತಳ್ಳಿದಳು.

"ಬ್ಯಾಡ ಕಣಮ್ಮ. ಓಟು ಮುಗಿಯೋ ತಂಕ ಆ ಹೆಸ್ರು ಎತ್ತಬ್ಯಾಡಿ."