ಕೆಂಪು ತ್ರಿಕೋನದ ಮೇಲೊಂದು ಗೂಡು

"ಏ ಸಿದ್ದವ್ವ, ಒಡಿ ಅಂದ್ನಿ ಅದನ್ನ!"

ದೇವಣಗಾಂವದ ಕುಟುಂಬ ಯೋಜನೆ ಕೇಂದ್ರದ ಮುಂದೆ ನಿಂತು ಆರೋಗ್ಯ ಸಹಾಯಕ ರಾಚಪ್ಪ ಕಿರುಚಿದ. ಅರ್ಧ ತಾಸಿನಲ್ಲಿ ಸಿಂದಗಿಯಿಂದ ಡಾಕ್ಟರ ಜೀಪು ಬರಲಿತ್ತು. ಬಾಗಿಲ ಮೇಲಿನ 'ಎರಡೇ ಮಕ್ಕಳು ಸಾಕು' ಬೋರ್ಡಿನಲ್ಲಿ, ಕೆಂಪು ತ್ರಿಕೋನದ ನಟ್ಟನಡುವೆ, ಕುಂಬಾರ ಹುಳವೊಂದು ಮಣ್ಣಿನ ಗೂಡು ಕಟ್ಟುತ್ತಿತ್ತು.

ಕಸಬರಿಗೆ ಹಿಡಿದ ಆಯಾ ಸಿದ್ದವ್ವ ಕದಲಲಿಲ್ಲ. "ನನ್ನ ಸೊಸಿ ಬಸರಿ ಅದಾಳ್ರಿ. ಈ ಗೂಡು ಒಡದ್ರ ಬಸರು ನಿಲ್ಲೂದಿಲ್ಲ. ನಿಮ್ಮ ನೌಕರಿ ಹೋದ್ರ ಇನ್ನೊಂದು ಸಿಗತೈತಿ."

"ಸರಕಾರಿ ಬೋರ್ಡಿನ ಮ್ಯಾಲ ಹುಳ ಮನಿ ಕಟ್ಟೂದಂದ್ರೇನು! ಅದೂ ಇಂಥಾ ಬೋರ್ಡಿನ ಮ್ಯಾಲ!" ರಾಚಪ್ಪ ಸ್ಟೂಲು ಎಳೆದು, ಕೋಲು ಹಿಡಿದು ತಾನೇ ಹತ್ತಿದ.

"ಒಡೀರಿ, ನಿಮಗ್ಯಾತರ ಅಂಜಿಕಿ? ಇದು ಗೂಡು ಕಟ್ಟಿದ ಮನ್ಯಾಗ ತೊಟ್ಟಿಲಾ ಕಟ್ಟತಾರ. ಇದಕ್ಕರ ಎಲ್ಲೈತಿ ಬುದ್ಧಿ? ನಿಮ್ಮ ಮನಿ ಬಿಟ್ಟು ಇಲ್ಲಿಗಿ ಬಂದೈತಿ!"

ಕೋಲು ಅಲ್ಲೇ ನಿಂತಿತು. ಎರಡೇ ಸಾಕು, ಎರಡೇ ಸಾಕು ಎಂದು ಊರೆಲ್ಲ ಗಂಟಲು ಹರಿದುಕೊಳ್ಳುವ ರಾಚಪ್ಪನಿಗೆ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಒಂದೂ ಆಗಿರಲಿಲ್ಲ. ಹೆಂಡತಿ ಹೊನ್ನವ್ವ ಹರಕೆ ಹೊರದ ಗುಡಿಯಿಲ್ಲ, ದರ್ಗಾ ಇಲ್ಲ. ಮೂಢನಂಬಿಕೆ ಎಂದು ಅವಳನ್ನು ಬಾಯಿಗೆ ಬಂದಂತೆ ಬೈದು, ಆಮೇಲೆ ಕಾಯಿ ಕರ್ಪೂರ ತಾನೇ ತಂದುಕೊಡುತ್ತಿದ್ದ.

ಜೀಪು ಬಂದೇಬಿಟ್ಟಿತು. ಇಳಿದವರೇ ಡಾಕ್ಟರು ಕೆಂಡವಾದರು. "ಏನಪಾ ಇದು ರಾಚಪ್ಪ? ಮಂದಿ ನಗಾಕತ್ತಾರ! ಒಡಿ ಅದನ್ನ. ಇಲ್ಲಾಂದ್ರ ನಾಳೆನ ಝಳಕಿಗಿ ವರ್ಗಾ ಮಾಡಸ್ತೇನಿ!"

"ಮಾಡಸ್ರಿ. ನಾ ಒಡ್ಯೂದಿಲ್ರಿ."

ಡಾಕ್ಟರು ಕೋಲು ಕಸಿದುಕೊಂಡು ತಾವೇ ಎತ್ತಿದರು. ಸಿದ್ದವ್ವ ಮೆಲ್ಲಗೆ ಕೇಳಿದಳು: "ಸಾಹೇಬ್ರ, ಮಗಳನ್ನ ಬಾಣಂತನಕ್ಕ ಕರ್ಕೊಂಡು ಬಂದೀರಂತಲ್ರಿ. ಎಷ್ಟು ತಿಂಗಳ್ರಿ ಈಗ?"

"ಎಂಟು..." ಎನ್ನುತ್ತಿದ್ದಂತೆ ಡಾಕ್ಟರ ಕೈ ತಾನೇ ಇಳಿಯಿತು. ಕೋಲನ್ನು ಬೆನ್ನ ಹಿಂದೆ ಹಿಡಿದುಕೊಂಡರು. "ರಾಚಪ್ಪ, ಒಡೀಬ್ಯಾಡ. ಬೋರ್ಡ್ ಬಿಚ್ಚಿ ಎಲ್ಲಿಗರ ಒಯ್ದು ಇಡು. ಹುಷಾರಿ!"

ಎಲ್ಲಿಗೆ ಎಂದು ರಾಚಪ್ಪ ಕೇಳಲಿಲ್ಲ. ಮೊಳೆ ಕಿತ್ತು, ಎಳೆಗೂಸನ್ನು ಎತ್ತಿಕೊಂಡಂತೆ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅಡ್ಡ ಬಂದವರನ್ನೆಲ್ಲ ಬೈಯುತ್ತ ತನ್ನ ಮನೆಯ ಓಣಿ ಹಿಡಿದ. ಅವನ ತಲೆಯ ಹಿಂದೆಯೇ, ಬಾಯಲ್ಲಿ ಹಸಿಮಣ್ಣಿನ ಉಂಡೆ ಕಚ್ಚಿಕೊಂಡು, ಕುಂಬಾರ ಹುಳ ಗುಂಯ್‌ಗುಡುತ್ತ ಹಾರಿ ಬರುತ್ತಿತ್ತು.