ಸ್ಮಾಲ್

ಮದುವೆಮನೆಯಲ್ಲಿ ಊಟಕ್ಕೆ ಹೊರಟ ಮದನ್ ತನ್ನ ಹೊಸ ಡಿಜಿಟಲ್ ಕ್ಯಾಮೆರಾವನ್ನು ಶಿವಬಸಪ್ಪನ ಕೊರಳಿಗೇ ಹಾಕಿ ಹೋದ. ನರಸೀಪುರದಲ್ಲಿ ಇಬ್ಬರದೂ ಎದುರುಬದುರು ಸ್ಟುಡಿಯೋ. ಈ ಸಲ ಫೋಟೋಗೆ ಮದನ್‌ನನ್ನು ಕರೆದವರು ಶಿವಬಸಪ್ಪನನ್ನು ಕರೆದದ್ದು ಊಟಕ್ಕೆ ಮಾತ್ರ.

ಶಿವಬಸಪ್ಪನ ಹೆಬ್ಬೆರಳು ಹಳೇ ಕ್ಯಾಮೆರಾದ ಅಭ್ಯಾಸದಂತೆ ರೀಲ್ ತಿರುಗಿಸಲು ತಡಕಿತು. ಸಿಕ್ಕಿದ್ದು ಒಂದು ಗುಂಡಿ. ಒತ್ತಿದರೆ ಫೋಟೋ ಅಳತೆಯ ಪಟ್ಟಿ ಬಂತು. ಕಂಬದ ಮರೆಗೆ ಸರಿದು, 'ಲಾರ್ಜ್' ಇದ್ದುದನ್ನು 'ಸ್ಮಾಲ್' ಮಾಡಿದ. ಇನ್ನು ಮದನ್ ತೆಗೆಯುವ ಯಾವ ಫೋಟೋವನ್ನು ದೊಡ್ಡದು ಮಾಡಿಸಿದರೂ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ. ಹೊಟ್ಟೆಯ ಉರಿ ಸ್ವಲ್ಪ ತಣ್ಣಗಾಯಿತು.

ಕೈ ಒರೆಸಿಕೊಂಡು ಬಂದ ಮದನ್ ಕ್ಯಾಮೆರಾ ತೆಗೆದುಕೊಂಡ. "ಬಸಪ್ಪಣ್ಣ, ಊರೋರ್ದೆಲ್ಲಾ ಫೋಟೋ ತೆಗುದ್ರಿ, ನಿಮ್ದೇ ಒಂದಿಲ್ಲ. ಅಲ್ಲೇ ನಿಂತ್ಕಳಿ. ಆಳೆತ್ತರ ಮಾಡ್ಸಿ ನಿಮ್ ಸ್ಟುಡಿಯೋಲೇ ಆಕ್ತೀನಿ."

"ತಡ್ಯೋ ಮದನ..." ಎನ್ನುವಷ್ಟರಲ್ಲಿ ಕ್ಲಿಕ್ ಆಯಿತು.